ಗುಡಿಗಳ ಊರಿನಲ್ಲಿ ಮನೆ ಎಷ್ಟು ಎತ್ತರ ಇರಬೇಕು?



ಈ ಸಲದ ನಮ್ಮ ಚರ್ಚಾ ಕಾರ್ಯಕ್ರಮ ಐಹೊಳೆಯನ್ನು ಕುರಿತದ್ದು. ಐಹೊಳೆ ಎಂದ ಕೂಡಲೆ ನಿಮಗೆ ಪಠ್ಯಪುಸ್ತಕದ ದುರ್ಗ ದೇವಾಲಯದ ಚಿತ್ರ ನೆನಪಾಗುತ್ತದೆ. ಬಾದಾಮಿ ಚಾಲುಕ್ಯರು, ಇಮ್ಮಡಿ ಪುಲಕೇಶಿ, ರವಿಕೀರ್ತಿಯ ಶಾಸನ ಇವೆಲ್ಲ ಪರೀಕ್ಷೆಗೆ ಓದಿದ ವಿಷಯಗಳು. ಆದರೆ ನಾವು ಚರ್ಚೆಗೆ ಎತ್ತಿಕೊಂಡಿರುವುದು ಅವುಗಳನ್ನಲ್ಲ. ಆ ಗುಡಿಗಳ ಮಗ್ಗುಲಲ್ಲೇ ಇಂದಿಗೂ ಜನ ವಾಸಿಸುತ್ತಾರೆ. ಅವರ ಮನೆ, ಅಂಗಡಿ, ಖಾನಾವಳಿಗಳು ಎಷ್ಟು ಎತ್ತರಕ್ಕೆ ಏರಬಹುದು? ಏರಬಾರದು ಎಂದರೆ ಊರಿಗೆ ಹೊಸ ವ್ಯಾಪಾರ, ಉದ್ಯೋಗ ಬರುವುದು ಹೇಗೆ? ನಮ್ಮ ಪ್ರಶ್ನೆ ಇದು. ಕಾರ್ಯಕ್ರಮ ನೋಡುವ ಮೊದಲು ಕೆಲವು ಸಂಗತಿಗಳು ನಿಮಗೆ ತಿಳಿದಿದ್ದರೆ ಚರ್ಚೆಯನ್ನು ಅನುಸರಿಸುವುದು ಸುಲಭವಾಗುತ್ತದೆ.

ಮೊದಲಿಗೆ ಒಂದು ಪುಟ್ಟ ಪ್ರಸಂಗ. ಒಮ್ಮೆ ಚಿತ್ರೀಕರಣಕ್ಕೆ ಹೋದಾಗ ನಾನೂ ನಮ್ಮ ಛಾಯಾಗ್ರಾಹಕರೂ ಬೆಳಗಿನಿಂದ ಗುಡಿಯೊಂದರ ಸುತ್ತ ಕ್ಯಾಮೆರಾ ಹೊತ್ತು ತಿರುಗುತ್ತಿದ್ದೆವು. ಒಂದು ಕಡೆಯಿಂದ ವಿದ್ಯುತ್ ತಂತಿ ಅಡ್ಡ ಬರುತ್ತಿತ್ತು, ಇನ್ನೊಂದು ಕಡೆಯಿಂದ ಯಾರದೋ ಮನೆಯ ಕಪ್ಪು ನೀರಿನ ಟ್ಯಾಂಕು. ಮೂರನೆಯ ಕಡೆ ನಿಂತರೆ ಒಗೆದ ಬಟ್ಟೆಗಳ ಸಾಲು. ಚಹಾ ತಂದುಕೊಟ್ಟ ಹುಡುಗ ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ ನಕ್ಕ. "ಸರ್, ಒಂದು ಮಾತು ಕೇಳ್ಲೇನ್ರೀ? ಮುಂಜಾನಿಂದ ನೋಡಾಕತ್ತೇನಿ. ನಮ್ಮೂರು ನಿಮ್ಮ ಕ್ಯಾಮೆರಾದಾಗ ಬರಬಾರದು ಅಂತ ಎಷ್ಟು ಕಷ್ಟ ಪಡಾಕತ್ತೀರಿ!" ಎಂದ.

ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಗುಡಿ ಬೇಕು, ಊರು ಬೇಡ ಎಂಬಂತೆ ನಾವು ನಡೆದುಕೊಂಡದ್ದು ನಿಜ. ಕಟ್ಟಡಗಳ ಎತ್ತರದ ಚರ್ಚೆಯಲ್ಲಿ ಅಡಗಿರುವ ಸಂಕಟವೂ ಇದೇ.

ಮನೆಯಾಗಿದ್ದ ಗುಡಿಗಳು

ಐಹೊಳೆ ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಒಂದು ಹಳ್ಳಿ. ಮಲಪ್ರಭಾ ನದಿಯ ದಡದಲ್ಲಿದೆ. ಬಾದಾಮಿಯಿಂದ ಸುಮಾರು 35 ಕಿಲೋಮೀಟರು ದೂರ. ಊರಿನ ಒಳಗೂ ಸುತ್ತಲೂ ನೂರಕ್ಕೂ ಹೆಚ್ಚು ಗುಡಿಗಳಿವೆ. ಹತ್ತಿರದ ಪಟ್ಟದಕಲ್ಲು 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಐಹೊಳೆ ಇನ್ನೂ ಸೇರಿಲ್ಲ. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳನ್ನು ಒಟ್ಟಾಗಿ ಸೇರಿಸಬೇಕೆಂಬ ಪ್ರಸ್ತಾಪ 2015ರಿಂದ ಸಂಭಾವ್ಯ ಪಟ್ಟಿಯಲ್ಲಿದೆ.

ಇಲ್ಲಿನ ಗುಡಿಗಳ ಹೆಸರುಗಳನ್ನು ಗಮನಿಸಿ: ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗರ ಗುಡಿ, ಬಡಿಗೇರ ಗುಡಿ. ಇವು ದೇವರ ಹೆಸರುಗಳಲ್ಲ. ಗುಡಿಯಲ್ಲೋ ಅದರ ಪಕ್ಕದಲ್ಲೋ ವಾಸವಾಗಿದ್ದವರ ಹೆಸರುಗಳು. ಲಾಡಖಾನ ಎಂಬಾತ ಆ ಗುಡಿಯನ್ನು ಕೆಲಕಾಲ ತನ್ನ ವಾಸದ ಮನೆ ಮಾಡಿಕೊಂಡಿದ್ದನೆಂದು ಹೇಳುತ್ತಾರೆ. ದುರ್ಗ ದೇವಾಲಯದ 'ದುರ್ಗ' ಕೂಡ ದೇವಿಯ ಹೆಸರಲ್ಲ, ಕೋಟೆ ಎಂಬ ಅರ್ಥದ್ದು. ಅಂದರೆ ಊರೂ ಗುಡಿಯೂ ಒಂದನ್ನೊಂದು ಅಪ್ಪಿಕೊಂಡೇ ಶತಮಾನಗಳ ಕಾಲ ಬಾಳಿವೆ. ಗುಡಿಯ ಗೋಡೆಗೆ ಒರಗಿಸಿ ಮನೆಯ ಗೋಡೆ ಕಟ್ಟುವುದು ಒಂದು ಕಾಲಕ್ಕೆ ಇಲ್ಲಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಕಾಯಿದೆ ಇದೆ. ಅದರಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸ್ಮಾರಕಗಳನ್ನು ನೋಡಿಕೊಳ್ಳುತ್ತದೆ. 1992ರ ಜೂನ್ 16ರಂದು ಹೊರಟ ಒಂದು ಅಧಿಸೂಚನೆ ಪ್ರತಿ ಸಂರಕ್ಷಿತ ಸ್ಮಾರಕದ ಸುತ್ತ ಎರಡು ವಲಯಗಳನ್ನು ಗುರುತಿಸಿತು. ಸಂರಕ್ಷಿತ ಜಾಗದ ಎಲ್ಲೆಯಿಂದ 100 ಮೀಟರಿನವರೆಗೆ 'ನಿಷೇಧಿತ ಪ್ರದೇಶ'. ಅದರಾಚೆ ಇನ್ನೂ 200 ಮೀಟರು 'ನಿಯಂತ್ರಿತ ಪ್ರದೇಶ'.

ಹಲವು ವರ್ಷ ಒಂದು ಸಮಿತಿಯ ಸಲಹೆಯ ಮೇಲೆ ನಿಷೇಧಿತ ಪ್ರದೇಶದಲ್ಲೂ ಕೆಲವರಿಗೆ ಅನುಮತಿ ಸಿಗುತ್ತಿತ್ತು. ಇದಕ್ಕೆ ಕಾನೂನಿನ ಆಧಾರವಿಲ್ಲವೆಂದು 2009ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಅದಾದ ಮೇಲೆ 2010ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದಿತು. ಎರಡು ವಲಯಗಳೂ ಕಾಯಿದೆಯೊಳಗೇ ಸೇರಿದವು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಎಂಬ ಹೊಸ ಸಂಸ್ಥೆ ಹುಟ್ಟಿತು. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಈ ಕಾಯಿದೆಯ ಪ್ರಕಾರ 'ನಿರ್ಮಾಣ' ಎಂದರೆ ಹೊಸ ಕಟ್ಟಡ ಮಾತ್ರವಲ್ಲ. ಇರುವ ಮನೆಯನ್ನು ಪಕ್ಕಕ್ಕೆ ಚಾಚಿದರೂ ಮೇಲಕ್ಕೆ ಏರಿಸಿದರೂ ಅದು ನಿರ್ಮಾಣವೇ. ಆದ್ದರಿಂದ 100 ಮೀಟರಿನೊಳಗಿನ ಮನೆಗೆ ಒಂದು ಮಹಡಿ ಏರಿಸುವಂತಿಲ್ಲ. 1992ಕ್ಕೆ ಮೊದಲಿನಿಂದ ಇರುವ ಮನೆಯನ್ನು ದುರಸ್ತಿ ಮಾಡಲು ಅರ್ಜಿ ಸಲ್ಲಿಸಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಬಹುದು. ಆದರೆ ಅನುಮತಿ ಬೇಕು, ಎತ್ತರಕ್ಕೂ ಹೊರನೋಟಕ್ಕೂ ಷರತ್ತುಗಳಿರುತ್ತವೆ.

ಈಗ ಒಂದು ಲೆಕ್ಕ ಮಾಡೋಣ. 100 ಮೀಟರು ತ್ರಿಜ್ಯದ ವೃತ್ತದ ವಿಸ್ತೀರ್ಣ ಎಷ್ಟು? ಪೈ ಗುಣಿಸು ತ್ರಿಜ್ಯದ ವರ್ಗ: ಸುಮಾರು 31,400 ಚದರ ಮೀಟರು, ಅಂದರೆ ಮುಕ್ಕಾಲು ಕಡಿಮೆ ಎಂಟೂವರೆ ಎಕರೆಯಷ್ಟು, ಸರಿಸುಮಾರು ಏಳೂಮುಕ್ಕಾಲು ಎಕರೆ. 300 ಮೀಟರಿನ ವೃತ್ತವಾದರೆ ಅದರ ಒಂಬತ್ತು ಪಟ್ಟು, ಸುಮಾರು 70 ಎಕರೆ. ತ್ರಿಜ್ಯ ಮೂರು ಪಟ್ಟಾದರೆ ವಿಸ್ತೀರ್ಣ ಮೂರು ಪಟ್ಟಲ್ಲ, ಒಂಬತ್ತು ಪಟ್ಟಾಗುತ್ತದೆ ಎಂಬುದನ್ನು ನೆನಪಿಡಿ. ಒಂದೇ ಗುಡಿ ಇರುವ ಊರಿನಲ್ಲಿ ಇದು ಊರಿನ ಒಂದು ಮೂಲೆಯ ಸಂಗತಿ. ಐಹೊಳೆಯಲ್ಲಿ ಗುಡಿಗಳು ಊರ ತುಂಬ ಹರಡಿವೆ. ಭೂಪಟದ ಮೇಲೆ ಕೈವಾರದಿಂದ ಒಂದೊಂದು ಗುಂಪಿಗೂ ವೃತ್ತ ಎಳೆಯುತ್ತ ಹೋದರೆ ಅವು ಒಂದರ ಮೇಲೊಂದು ಬೀಳುತ್ತವೆ. ಕೊನೆಗೆ ವೃತ್ತದ ಹೊರಗೆ ಉಳಿಯುವ ಮನೆಗಳನ್ನು ಹುಡುಕಬೇಕಾಗುತ್ತದೆ. ಬೇರೆ ಊರಿನಲ್ಲಿ ಕೆಲವರ ಕಷ್ಟವಾಗಿರುವುದು ಇಲ್ಲಿ ಇಡೀ ಊರಿನ ಕಷ್ಟವಾಗಿರುವುದು ಈ ಕಾರಣಕ್ಕೆ.

ಎತ್ತರ ಏಕೆ ಮುಖ್ಯ?

'ಒಂದು ಮಹಡಿ ಏರಿಸಿದರೆ ಗುಡಿಗೇನು ನಷ್ಟ?' ಎಂದು ಊರಿನವರು ಕೇಳುವುದು ಸಹಜ. ಉತ್ತರಕ್ಕೆ ಒಂದು ಪೆನ್ಸಿಲು ಸಾಕು. ಪೆನ್ಸಿಲನ್ನು ಕಣ್ಣಿನ ಹತ್ತಿರ ಹಿಡಿದರೆ ದೂರದ ತೆಂಗಿನ ಮರವೇ ಮರೆಯಾಗುತ್ತದೆ. ಕೈ ಚಾಚಿ ಹಿಡಿದರೆ ಮರದ ಕಾಂಡ ಮಾತ್ರ ಮರೆಯಾದೀತು. ಇದು ನೀವು ಹೈಸ್ಕೂಲಿನಲ್ಲಿ ಕಲಿತ ಸಮರೂಪ ತ್ರಿಭುಜಗಳ ಲೆಕ್ಕ.

ನಿಮ್ಮ ಕಣ್ಣು ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿದೆ, ಗುಡಿ ನಿಮ್ಮಿಂದ 60 ಮೀಟರು ದೂರದಲ್ಲಿದೆ ಎಂದಿಟ್ಟುಕೊಳ್ಳಿ. ನಡುವೆ, ನಿಮ್ಮಿಂದ 20 ಮೀಟರು ದೂರದಲ್ಲಿ, ಮೂರೂವರೆ ಮೀಟರಿನ ಒಂದಂತಸ್ತಿನ ಮನೆ ಇದೆ. ಕಣ್ಣಿನಿಂದ ಮನೆಯ ಮಾಳಿಗೆಯ ಅಂಚಿಗೆ ಎಳೆದ ಗೆರೆ 20 ಮೀಟರಿಗೆ 2 ಮೀಟರಿನಷ್ಟು ಏರುತ್ತದೆ. ಅದೇ ಗೆರೆ 60 ಮೀಟರು ದೂರಕ್ಕೆ ಹೋಗುವಾಗ 6 ಮೀಟರು ಏರಿರುತ್ತದೆ. ಕಣ್ಣಿನ ಎತ್ತರ ಸೇರಿಸಿದರೆ ಏಳೂವರೆ ಮೀಟರು. ಗುಡಿಯ ಅಷ್ಟು ಭಾಗ ನಿಮಗೆ ಕಾಣುವುದಿಲ್ಲ. ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿ ಎತ್ತರ ಆರೂವರೆ ಮೀಟರಾಯಿತೆನ್ನಿ. ಆಗ ಮರೆಯಾಗುವ ಭಾಗ ಹದಿನಾರೂವರೆ ಮೀಟರು! ಮನೆ ಎತ್ತರವಾದದ್ದು ಮೂರು ಮೀಟರು. ಗುಡಿಯ ನೋಟದಲ್ಲಿ ಕಳೆದುಹೋದದ್ದು ಒಂಬತ್ತು ಮೀಟರು. ಐಹೊಳೆಯ ಆರಂಭ ಕಾಲದ ಗುಡಿಗಳು ತಂಜಾವೂರಿನ ಗುಡಿಯಂತೆ ಮುಗಿಲೆತ್ತರದವಲ್ಲ. ಲಾಡಖಾನ ಗುಡಿ ತಗ್ಗಾದ ಕಲ್ಲಿನ ಮಾಡಿನ ಕಟ್ಟಡ. ಇಂಥವು ಸಂಪೂರ್ಣ ಮರೆಯಾಗಲು ಹೆಚ್ಚು ಎತ್ತರದ ಕಟ್ಟಡ ಬೇಕಿಲ್ಲ.

ಇದೇ ಲೆಕ್ಕದ ಇನ್ನೊಂದು ಮುಖವನ್ನೂ ನೋಡಿ. ಆರೂವರೆ ಮೀಟರಿನ ಮನೆ ನಿಮ್ಮಿಂದ 20 ಮೀಟರಿನ ಬದಲು 50 ಮೀಟರು ದೂರದಲ್ಲಿದ್ದರೆ ಮರೆಯಾಗುವುದು ಏಳೂವರೆ ಮೀಟರು ಮಾತ್ರ. ಗುಡಿಯ ಹಿಂದೆ ಇನ್ನೂ 60 ಮೀಟರು ಆಚೆ ಕಟ್ಟಡವಿದ್ದರೆ? ಏಳೂವರೆ ಮೀಟರಿನ ಗುಡಿಯ ಮರೆಯಲ್ಲಿ ಹದಿಮೂರು ಮೀಟರಿನ ಕಟ್ಟಡವೂ ನಿಮಗೆ ಕಾಣುವುದಿಲ್ಲ. ಆದರೆ ಮೇಗುತಿ ಗುಡ್ಡದ ಮೇಲೆ ಹೋಗಿ ನಿಲ್ಲಿ. ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವ ಬಸದಿಯ ಬಳಿಯಿಂದ ಊರೆಲ್ಲ ಕಣ್ಣ ಕೆಳಗೇ ಕಾಣುತ್ತದೆ. ಅಲ್ಲಿಂದ ಎತ್ತರಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವುದು ಮಾಡಿನ ತಗಡು, ನೀಲಿ ಪ್ಲಾಸ್ಟಿಕ್ ಹಾಳೆ, ಕಪ್ಪು ಟ್ಯಾಂಕು.

ಆದ್ದರಿಂದ 'ಇಷ್ಟೇ ಮೀಟರು' ಎಂಬ ಒಂದೇ ಅಂಕಿ ಇಡೀ ಊರಿಗೆ ನ್ಯಾಯ ಒದಗಿಸಲಾರದು. ಕಟ್ಟಡ ಎಲ್ಲಿದೆ, ನೋಡುವವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೇಲಿನ ಎತ್ತರದಷ್ಟೇ ಕೆಳಗಿನ ಆಳವೂ ಮುಖ್ಯ. ಮಹಡಿಗಳು ಹೆಚ್ಚಿದಂತೆ ಬುನಾದಿ ಆಳಕ್ಕೆ ಇಳಿಯಬೇಕು. ಈ ಭಾಗದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅಂಥ ನೆಲದಲ್ಲಿ ಬುನಾದಿಯನ್ನು ಇನ್ನೂ ಎಚ್ಚರದಿಂದ, ಗಟ್ಟಿ ನೆಲ ಸಿಗುವವರೆಗೆ ಅಗೆದು ಹಾಕಬೇಕು. ಐಹೊಳೆಯ ನೆಲದೊಳಗೆ ಏನಿದೆ? ಅಂಬಿಗರ ಗುಡಿಯ ಬಳಿ ಉತ್ಖನನ ನಡೆಸಿದಾಗ ಕಲ್ಲಿನ ಗುಡಿಗಿಂತ ಹಿಂದಿನ ಒಂದು ಇಟ್ಟಿಗೆ ಕಟ್ಟಡದ ತಳಪಾಯ ಸಿಕ್ಕಿತು. ಅಂದರೆ ನಾವು 'ಮೊದಲ ಗುಡಿಗಳು' ಎಂದು ಕರೆಯುವುದಕ್ಕೂ ಮೊದಲಿನ ಚರಿತ್ರೆ ಇಲ್ಲಿ ಮಣ್ಣಿನಡಿಯಲ್ಲಿದೆ. ಜೆಸಿಬಿಯ ಒಂದು ದಿನದ ಅಗೆತ ಅದನ್ನು ಯಾರಿಗೂ ತಿಳಿಯದ ಹಾಗೆ ಅಳಿಸಿಬಿಡಬಲ್ಲದು.

ಮಾಳಿಗೆ ಮನೆಯ ಪ್ರಶ್ನೆ

ಇಷ್ಟು ಕೇಳಿದ ಮೇಲೆ ನಿರ್ಬಂಧ ಸರಿಯೇ ಎಂದು ನಿಮಗೆ ಅನಿಸಿರಬಹುದು. ಈಗ ಎದುರು ಪಕ್ಷದ ಮಾತು ಕೇಳೋಣ.

ಆ ಚಿತ್ರೀಕರಣದ ದಿನ ಮಧ್ಯಾಹ್ನದ ಬಿಸಿಲಿಗೆ ನಮಗೆ ನೆರಳು ಕೊಟ್ಟದ್ದು ಒಂದು ಮಾಳಿಗೆ ಮನೆ. ಕಲ್ಲಿನ ದಪ್ಪ ಗೋಡೆ, ಮರದ ತೊಲೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಒಳಗೆ ಹಿತವಾದ ತಂಪು. ಮನೆಯ ಹಿರಿಯ ಅಜ್ಜಿ ನಮಗೆ ಮಜ್ಜಿಗೆ ಕೊಟ್ಟು ಮಾತಿಗೆ ಕುಳಿತರು. "ಗುಡಿ ಚಂದ ಇರಲೆಪ್ಪಾ ತಮ್ಮಾ, ನಾ ಏನು ಬ್ಯಾಡ ಅನ್ನೂದಿಲ್ಲ. ಆದ್ರ ಮೊಮ್ಮಗನ ಲಗ್ನ ಗೊತ್ತಾಗೇದ. ಇರೂದು ಎರಡು ಕೋಣಿ. ಹೊಸಾ ಜೋಡಿ ಎಲ್ಲಿ ಮಲಗಬೇಕು, ನೀನ ಹೇಳು" ಎಂದರು.

ಇದಕ್ಕೆ ಸಮರೂಪ ತ್ರಿಭುಜದಲ್ಲಿ ಉತ್ತರವಿಲ್ಲ. ಬೇರೆ ಊರಿನ ಕುಟುಂಬ ಇಂಥ ಸಮಯದಲ್ಲಿ ಸಾಲ ಮಾಡಿ ಮೇಲೊಂದು ಕೋಣೆ ಹಾಕಿಸುತ್ತದೆ. ಇಲ್ಲಿ ಹಾಗೆ ಮಾಡಿದರೆ ಅದು ಅಪರಾಧ. ಮಾಳಿಗೆ ಸೋರಿದರೆ ದುರಸ್ತಿಗೂ ಅರ್ಜಿ ಹಾಕಬೇಕು. ಅರ್ಜಿ ಬರೆಯುವುದು, ನಕ್ಷೆ ಮಾಡಿಸುವುದು, ಕಚೇರಿಗೆ ಅಲೆಯುವುದು ಕೂಲಿ ಬಿಟ್ಟು ಮಾಡಬೇಕಾದ ಕೆಲಸ. ಗುಡಿಯನ್ನು ಕಾಯುವುದರಿಂದ ಲಾಭವಾಗುವುದು ಇಡೀ ದೇಶಕ್ಕೆ. ಅದರ ಬೆಲೆ ತೆರುವವರು ನೂರು ಮೀಟರಿನೊಳಗಿನ ಕೆಲವೇ ಕುಟುಂಬಗಳು. ಈ ಅಸಮಾನತೆಯನ್ನು ಒಪ್ಪಿಕೊಳ್ಳದೆ ಚರ್ಚೆ ಮುಂದುವರಿಯಲಾರದು.

ಯುವಕರ ದೂರು ಬೇರೆಯ ತೆರನದು. ಪ್ರವಾಸಿಗರು ಬಾದಾಮಿಯಲ್ಲಿ ಉಳಿದು, ಬೆಳಿಗ್ಗೆ ಹೊರಟು ಪಟ್ಟದಕಲ್ಲು, ಐಹೊಳೆ ಎರಡನ್ನೂ ಒಂದೇ ದಿನದಲ್ಲಿ ನೋಡಿ ಹಿಂತಿರುಗುತ್ತಾರೆ. ಐಹೊಳೆಯಲ್ಲಿ ಅವರು ಕಳೆಯುವುದು ಒಂದೆರಡು ಗಂಟೆ. ಖರ್ಚು ಮಾಡುವುದು ಎಳನೀರು, ಚಹಾ, ನೀರಿನ ಬಾಟಲಿಗೆ. ರಾತ್ರಿ ಉಳಿದರೆ ತಾನೇ ಊಟ, ವಸತಿ, ಮಾರ್ಗದರ್ಶಕ, ಬಾಡಿಗೆ ವಾಹನ ಎಲ್ಲಕ್ಕೂ ಸಂಪಾದನೆ? 'ದೊಡ್ಡ ಹೋಟೆಲು ಬರಲಿ, ಎತ್ತರದ ಮಿತಿ ತೆಗೆಯಲಿ' ಎಂಬ ಬೇಡಿಕೆ ಹುಟ್ಟುವುದು ಇಲ್ಲಿಂದ.

ವ್ಯಾಪಾರಕ್ಕೆ ಎತ್ತರ ಬೇಕೆ?

ಈ ಬೇಡಿಕೆಯನ್ನು ಸ್ವಲ್ಪ ಪರೀಕ್ಷಿಸೋಣ. ಇಪ್ಪತ್ತು ಕೋಣೆಗಳ ಒಂದು ವಸತಿಗೃಹಕ್ಕೆ ಎಷ್ಟು ಜಾಗ ಬೇಕು? ಸ್ನಾನದ ಮನೆ ಸೇರಿ ಕೋಣೆಗೆ 300 ಚದರ ಅಡಿಯಂತೆ 6,000. ಅಡಿಗೆಮನೆ, ಊಟದ ಹಾಲ್, ಓಡಾಡುವ ಜಾಗಕ್ಕೆ ಇನ್ನೊಂದು 4,000. ಒಟ್ಟು 10,000 ಚದರ ಅಡಿ. ಬೆಂಗಳೂರಿನ 40×60 ಅಡಿಯ ನಿವೇಶನದ ಮೂಲೆ ಮೂಲೆ ತುಂಬಿ ಕಟ್ಟಿದರೂ ಇದಕ್ಕೆ ನಾಲ್ಕು ಅಂತಸ್ತು ಸಾಲದು. ಹಳ್ಳಿಯ ಹೊರಗೆ ನೆಲದ ಮೇಲೇ ಹರಡಿ ಕಟ್ಟಿದರೆ ಒಂಬತ್ತು ಗುಂಟೆಗಿಂತ ಸ್ವಲ್ಪ ಹೆಚ್ಚು ಸಾಕು. ಅಂಗಳ, ಮರಗಿಡ, ವಾಹನ ನಿಲ್ಲಿಸುವ ಜಾಗ ಎಲ್ಲ ಸೇರಿ ಅರ್ಧ ಎಕರೆ. ಕಟ್ಟಡಗಳು ಮೇಲಕ್ಕೆ ಏರುವುದು ನೆಲ ದುಬಾರಿಯಾದ ಕಡೆ. ಐಹೊಳೆಯಲ್ಲಿ ಲಿಫ್ಟು, ಕಾಂಕ್ರೀಟು ಕಂಬಗಳಿಗೆ ಹಣ ಸುರಿದು ಏರುವ ಅಗತ್ಯ ಅಷ್ಟಾಗಿಲ್ಲ. ಆ ಅರ್ಧ ಎಕರೆ ಯಾರದೋ ಜೋಳದ ಹೊಲ ಎಂಬುದನ್ನು ಮಾತ್ರ ಮರೆಯಬಾರದು.

ಹೊರದೇಶಗಳ ಅನುಭವವೂ ಇದೆ. ಇಂಡೋನೇಷ್ಯದ ಬಾಲಿ ದ್ವೀಪದಲ್ಲಿ 1960ರ ದಶಕದಲ್ಲಿ ಹತ್ತು ಅಂತಸ್ತಿನ ಹೋಟೆಲೊಂದು ಸಮುದ್ರದಂಡೆಯಲ್ಲಿ ಎದ್ದು ನಿಂತಿತು. ಅದನ್ನು ನೋಡಿದ ಮೇಲೆ ಅಲ್ಲಿನವರು ಕಟ್ಟಡಗಳು ತೆಂಗಿನ ಮರಕ್ಕಿಂತ ಎತ್ತರ ಇರಕೂಡದು, ಅಂದರೆ ಸುಮಾರು 15 ಮೀಟರು ಮೀರಕೂಡದು ಎಂದು ನಿಯಮ ಮಾಡಿದರು. ಬಾಲಿಗೆ ಪ್ರವಾಸಿಗರು ಕಡಿಮೆಯಾಗಲಿಲ್ಲ. ಪ್ಯಾರಿಸ್ ನಗರದಲ್ಲಿ 1973ರಲ್ಲಿ ಸುಮಾರು 210 ಮೀಟರಿನ ಮೊಂಪಾರ್ನಾಸ್ ಗೋಪುರ ಪೂರ್ಣವಾದಾಗ ಜನ ಅಸಮಾಧಾನಗೊಂಡರು. 1977ರಲ್ಲಿ ಅಲ್ಲಿ 37 ಮೀಟರಿನ ಮಿತಿ ಬಂತು. ನಡುವೆ ಸಡಿಲಿಸಿ 2023ರಲ್ಲಿ ಮತ್ತೆ ಅದೇ ಮಿತಿಯನ್ನು ತಂದರು. ಎತ್ತರದ ಕಚೇರಿಗಳಿಗೆ ನಗರದ ಎಲ್ಲೆಯಾಚೆ ಲಾ ದೆಫಾನ್ಸ್ ಎಂಬ ಪ್ರತ್ಯೇಕ ಜಾಗವಿದೆ. ಈ ಎರಡೂ ಕಡೆ ವ್ಯಾಪಾರವನ್ನು ಬೇಡವೆನ್ನಲಿಲ್ಲ. ಅದಕ್ಕೆ ತಕ್ಕ ಜಾಗ, ತಕ್ಕ ಆಕಾರ ತೋರಿಸಿದರು.

ನಮ್ಮ ಐಹೊಳೆಯೇ ಒಂದು ಕಾಲಕ್ಕೆ ದಕ್ಷಿಣ ಭಾರತದ ವ್ಯಾಪಾರದಲ್ಲಿ ದೊಡ್ಡ ಹೆಸರು. 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘ ಈ ಊರಿನ ಹೆಸರನ್ನು ಹೊತ್ತು ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿ ವ್ಯಾಪಾರ ನಡೆಸಿತು. ಕುದುರೆ, ಆನೆ, ರತ್ನ, ಬಟ್ಟೆ, ಕರ್ಪೂರ, ಸಾಂಬಾರ ಪದಾರ್ಥ ಎಲ್ಲವೂ ಇವರ ಸರಕು. ಕರ್ಪೂರಕ್ಕೆ ಹೆಸರಾದ ಸುಮಾತ್ರಾ ದ್ವೀಪದ ಬರುಸ್ ಬಳಿ ಕ್ರಿ.ಶ. 1088ರ ತಮಿಳು ಶಾಸನವೊಂದು ಸಿಕ್ಕಿದೆ. ಅದರಲ್ಲೂ ಐನೂರ್ವರ ಹೆಸರಿದೆ. ಈ ವರ್ತಕರಿಗೆ 'ವೀರ ಬಣಂಜು ಧರ್ಮ' ಎಂಬ ತಮ್ಮದೇ ಕಟ್ಟಳೆ ಇತ್ತು. ಅವರ ಬಲ ಇದ್ದದ್ದು ಎತ್ತರದ ಕಟ್ಟಡಗಳಲ್ಲಲ್ಲ. ಎಲ್ಲರಿಗೂ ಗೊತ್ತಿದ್ದ, ಎಲ್ಲರೂ ಪಾಲಿಸುತ್ತಿದ್ದ ನಿಯಮದಲ್ಲಿ ಮತ್ತು ಊರಿನ ಹೆಸರಿಗಿದ್ದ ಬೆಲೆಯಲ್ಲಿ.

ನಿಜವಾದ ಅಡ್ಡಿ ಯಾವುದು?

ನನಗೆ ತೋರುವಂತೆ ಹೊಸ ವ್ಯಾಪಾರವನ್ನು ದೂರವಿಡುವುದು ಎತ್ತರದ ಮಿತಿಗಿಂತ ಹೆಚ್ಚಾಗಿ ಅನಿಶ್ಚಿತತೆ. ತನ್ನ ಸರ್ವೆ ನಂಬರು ಯಾವ ವಲಯದಲ್ಲಿದೆ, ಅಲ್ಲಿ ಎಷ್ಟು ಎತ್ತರ ಕಟ್ಟಬಹುದು, ಉತ್ತರ ಯಾವಾಗ ಬರುತ್ತದೆ ಎಂಬುದು ತಿಳಿಯದಿದ್ದರೆ ಯಾರು ತಾನೇ ಹಣ ಹಾಕುತ್ತಾರೆ? ಕಾಯಿದೆಯಲ್ಲಿ ಅವಧಿಗಳಿವೆ. ನಿಯಂತ್ರಿತ ಪ್ರದೇಶದ ಅರ್ಜಿಯನ್ನು ಸಕ್ಷಮ ಪ್ರಾಧಿಕಾರವು ಹದಿನೈದು ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಅದು ಎರಡು ತಿಂಗಳೊಳಗೆ ಅಭಿಪ್ರಾಯ ತಿಳಿಸಬೇಕು. ಆಮೇಲೆ ಒಂದು ತಿಂಗಳೊಳಗೆ ತೀರ್ಮಾನ ಆಗಬೇಕು. ಪ್ರತಿ ಸ್ಮಾರಕಕ್ಕೂ 'ಪರಂಪರೆ ಉಪವಿಧಿ' ರೂಪಿಸಬೇಕೆಂದೂ ಕಾಯಿದೆ ಹೇಳುತ್ತದೆ. ಕಟ್ಟಡದ ಎತ್ತರ, ಮುಂಭಾಗದ ನೋಟ, ಚರಂಡಿ, ರಸ್ತೆ ಇವೆಲ್ಲ ಅದರಲ್ಲಿ ಬರಬೇಕು. ಅದರ ಕರಡನ್ನು ಪ್ರಕಟಿಸಿ ಜನರ ಆಕ್ಷೇಪಣೆ, ಸಲಹೆ ಕೇಳಬೇಕು. ಎತ್ತರದ ಬಗ್ಗೆ ಊರು ತನ್ನ ಮಾತು ಹೇಳಬೇಕಾದ ಜಾಗ ಅದು. ಕರಡು ಪ್ರಕಟವಾದಾಗ ಅದನ್ನು ಗ್ರಾಮಸಭೆಯಲ್ಲಿ ಓದಿ, ಸರಳ ಕನ್ನಡದಲ್ಲಿ ವಿವರಿಸಿ, ಸಲಹೆ ಬರೆದು ಕಳುಹಿಸುವ ಕೆಲಸವನ್ನು ಕಾಲೇಜು ವಿದ್ಯಾರ್ಥಿಗಳು ಚೆನ್ನಾಗಿಯೇ ಮಾಡಬಲ್ಲರು.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು. ಚರಂಡಿ, ಸಾರ್ವಜನಿಕ ಶೌಚಾಲಯ, ನೀರು ಸರಬರಾಜು, ವಿದ್ಯುತ್ ವ್ಯವಸ್ಥೆ ಇವುಗಳ ಕೆಲಸವನ್ನು ಕಾಯಿದೆ 'ನಿರ್ಮಾಣ' ಎಂಬ ಅರ್ಥದಿಂದಲೇ ಹೊರಗಿಟ್ಟಿದೆ. ಗುಡಿಗಳಿವೆ ಎಂಬ ಕಾರಣ ಹೇಳಿ ಊರಿಗೆ ಶೌಚಾಲಯ, ಚರಂಡಿ ಇಲ್ಲದಂತೆ ಇರಿಸಲು ಆಧಾರವಿಲ್ಲ. ಪ್ರವಾಸಿ ಒಂದು ರಾತ್ರಿ ಉಳಿಯಬೇಕಾದರೆ ಮೊದಲು ಬೇಕಾದದ್ದೂ ಇವೇ.

ಹೊಸ ವ್ಯಾಪಾರವೆಂದರೆ ಹೋಟೆಲು ಮಾತ್ರವೇ? ಪಕ್ಕದಲ್ಲಿ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು ಇವೆ. ಇವನ್ನು ನೇಯ್ದು, ತಯಾರಿಸಿ ತೋರಿಸುವ, ಮಾರುವ ಅಂಗಡಿಗೆ ಎರಡನೆಯ ಅಂತಸ್ತು ಬೇಡ. ರೊಟ್ಟಿ ಊಟದ ಖಾನಾವಳಿ, ಬಾಡಿಗೆ ಸೈಕಲ್ಲು, ಚರಿತ್ರೆ ಬಲ್ಲ ಮಾರ್ಗದರ್ಶಕರು ಇವಕ್ಕೂ ಬೇಡ. ಮಾಳಿಗೆ ಮನೆಯನ್ನೇ ಚೊಕ್ಕಗೊಳಿಸಿ ಒಂದೆರಡು ಕೋಣೆಯನ್ನು ಅತಿಥಿಗಳಿಗೆ ಕೊಡಬಹುದು. ಆದರೆ ಅಜ್ಜಿಯ ಮನೆಯಂಥ ಎರಡು ಕೋಣೆಯ ಮನೆಯವರಿಗೆ ಈ ಉಪಾಯ ಹೇಳಿದರೆ ಅದು ಹಾಸ್ಯವಾದೀತು. ಅವರಿಗೆ ವೃತ್ತದ ಹೊರಗೆ, ಹೊಲ ಗುಡಿಗಳಿಗೆ ಹತ್ತಿರದಲ್ಲಿ, ನಿವೇಶನವೇ ಬೇಕು.

'ಹಾಗಾದರೆ ಇಡೀ ಊರನ್ನೇ ಸ್ಥಳಾಂತರಿಸಿದರೆ?' ಎಂಬ ಮಾತು ಐಹೊಳೆಯಲ್ಲಿ ಹೊಸದಲ್ಲ, ದಶಕಗಳಿಂದ ಕೇಳಿಬರುತ್ತಿದೆ. ಇಲ್ಲಿ ಹಂಪಿಯನ್ನು ನೆನೆಯಬೇಕು. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ವಾಸವಿದ್ದ, ಅಂಗಡಿ ಇಟ್ಟಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಕಲ್ಲಿನ ಮಂಟಪಗಳು ಖಾಲಿಯಾದವು; ಜನ ಬದುಕು ಕಟ್ಟಿಕೊಳ್ಳಲು ಬೇರೆಡೆ ಹೋಗಬೇಕಾಯಿತು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಕೆಡವಲಾಯಿತು. ಅವೇನೂ ಮುಗಿಲೆತ್ತರದ ಕಟ್ಟಡಗಳಲ್ಲ. ನಿಯಮ ಮೀರಿ ಬಂದ ವ್ಯಾಪಾರ ತಗ್ಗಾಗಿದ್ದರೂ ಉಳಿಯಲಿಲ್ಲ. ಅದನ್ನು ನಂಬಿ ದುಡಿಯುತ್ತಿದ್ದವರ ಉದ್ಯೋಗವೂ ಹೋಯಿತು. ಜನರನ್ನು ಕೇಳದೆ ಎಬ್ಬಿಸುವುದೂ, ಮೊದಲು ಕಟ್ಟಿ ಆಮೇಲೆ ನೋಡೋಣ ಎನ್ನುವುದೂ ಕೊನೆಗೆ ನಷ್ಟಕ್ಕೇ ಒಯ್ಯುತ್ತವೆ.

ನನ್ನ ಅಭಿಪ್ರಾಯ, ನಿಮ್ಮ ತೀರ್ಮಾನ

ಎತ್ತರದ ಮಿತಿ ಇರಬೇಕು ಎಂಬುದು ನನ್ನ ಅಭಿಪ್ರಾಯ. ಐಹೊಳೆಯನ್ನು ಹುಡುಕಿಕೊಂಡು ಜನ ಬರುವುದೇ ಆ ಗುಡಿಗಳಿಗಾಗಿ. ಅವನ್ನು ಮರೆಮಾಡಿ ಕಟ್ಟಿದ ಹೋಟೆಲಿಗೆ ಗಿರಾಕಿ ಎಲ್ಲಿಂದ ಬರಬೇಕು? ಆದರೆ ಮಿತಿ ಹಾಕುವವರು ಮೂರು ಹೊಣೆಗಳನ್ನು ಹೊರಬೇಕು. ಯಾವ ಜಾಗದಲ್ಲಿ ಎಷ್ಟು ಎತ್ತರ ಎಂಬುದನ್ನು ಊರಿನ ಗೋಡೆಯ ಮೇಲೆ ನಕ್ಷೆ ಬರೆದು ತೋರಿಸಬೇಕು. ಅರ್ಜಿಗೆ ಕಾಯಿದೆ ಹೇಳಿದ ಅವಧಿಯಲ್ಲಿ ಉತ್ತರ ಕೊಡಬೇಕು. ನೂರು ಮೀಟರಿನೊಳಗೆ ಬೆಳೆಯಲಾರದ ಕುಟುಂಬಕ್ಕೆ ಬೇರೆಡೆ ಬೆಳೆಯಲು ನೆಲ ಕೊಡಬೇಕು. ಈ ಮೂರೂ ಇಲ್ಲದೆ ಮಿತಿ ಮಾತ್ರ ಇದ್ದರೆ ಜನ ಗುಡಿಯನ್ನೇ ಶತ್ರುವೆಂದು ಭಾವಿಸುತ್ತಾರೆ. ಯಾವ ಬೇಲಿ, ಯಾವ ಕಾವಲುಗಾರನೂ ಆಗ ಗುಡಿಯನ್ನು ಕಾಯಲಾರರು.

ನೀವು ಒಪ್ಪಲೇಬೇಕೆಂದಿಲ್ಲ. ಕಾರ್ಯಕ್ರಮ ನೋಡಿದ ಮೇಲೆ ತರಗತಿಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿ.

1. ಇಡೀ ಊರಿಗೆ ಒಂದೇ ಎತ್ತರದ ಮಿತಿ ಇರಬೇಕೆ, ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಇರಬೇಕೆ? ಎರಡನೆಯದನ್ನು ಜಾರಿಗೆ ತರುವುದರಲ್ಲಿ ಇರುವ ತೊಂದರೆ ಏನು?

2. ಸ್ಮಾರಕದ ಪ್ರವೇಶಶುಲ್ಕದಲ್ಲಿ ಒಂದು ಪಾಲನ್ನು ನಿಷೇಧಿತ ಪ್ರದೇಶದ ಮನೆಗಳ ದುರಸ್ತಿಗೆ ಕೊಡುವುದು ನ್ಯಾಯವೆ?

3. ನಿಮ್ಮ ಊರಿನ ಹಳೆಯ ಗುಡಿ, ಮಸೀದಿ, ಚರ್ಚು ಅಥವಾ ಕೋಟೆಯಿಂದ 60 ಮೀಟರು ದೂರದಲ್ಲಿ ನಿಂತು ನೋಡಿ. ಅದರ ಎಷ್ಟು ಭಾಗ ಯಾವ ಕಟ್ಟಡದಿಂದ ಮರೆಯಾಗಿದೆ? ಅಳತೆಪಟ್ಟಿ ಮತ್ತು ಸಮರೂಪ ತ್ರಿಭುಜದ ಸಹಾಯದಿಂದ ಲೆಕ್ಕ ಹಾಕಿ.

ಕೊನೆಗೆ ಆ ಚಹಾದ ಹುಡುಗನ ವಿಷಯ. ಸಂಜೆ ನಾವು ಕ್ಯಾಮೆರಾವನ್ನು ಮತ್ತೊಮ್ಮೆ ನಿಲ್ಲಿಸಿದೆವು. ಈ ಸಲ ಒಗೆದ ಬಟ್ಟೆ, ಮಾಳಿಗೆಯ ಮೇಲೆ ಒಣಗಲು ಹರಡಿದ್ದ ಮೆಣಸಿನಕಾಯಿ, ಹಿಂದೆ ಸಂಜೆಯ ಬಿಸಿಲಿಗೆ ಕೆಂಪಾದ ಗುಡಿ ಎಲ್ಲವನ್ನೂ ಸೇರಿಸಿಕೊಂಡೆವು. ಮನೆ ತಗ್ಗಾಗಿದ್ದುದರಿಂದ ಗುಡಿಯೂ ಕಂಡಿತು, ಮನೆಯೂ ಕಂಡಿತು. ಕಾರ್ಯಕ್ರಮ ಆರಂಭವಾಗುವುದು ಆ ದೃಶ್ಯದಿಂದಲೇ. ಆ ಮನೆಯೊಳಗೆ ಈಗ ಎಷ್ಟು ಜನ ಮಲಗುತ್ತಾರೆ ಎಂಬುದನ್ನೂ ನೋಡುವಾಗ ನೆನಪಿಡಿ.